ಕರಿಬಸಪ್ಪ ಮಾಸ್ತರ ಉಗುರಿನ ಗೆರೆ

ಕೇಕ್ ತಂದ್ರೆ ಬಾಯಿ ಬಿಡ್ತಾರೆ ಅಂತ ನಿಂಗೆ ಯಾರು ಹೇಳಿದ್ರೋ ಏನೋ. ಬಿಟ್ರಲ್ಲ, ಕೇಕ್ ತಿನ್ನೋಕೆ. ತಿಂದ್ರು, ಕೈ ಒರೆಸ್ಕೊಂಡ್ರು, ಎದ್ದು ಹೋಗಿ ತಮ್ಮ ತಮ್ಮ ಮಷೀನ್ ಮುಂದೆ ಕುಂತ್ರು. ಈಗ ಬಂದು ನನ್ನ ಮುಂದೆ ಮುಖ ಊದಿಸ್ಕೊಂಡು ನಿಂತೀಯ. ಕುಂತ್ಕೋ ಸುಮಾ, ಇಲ್ಲೇ ಕಟ್ಟೆ ಮ್ಯಾಲೆ ಕುಂತ್ಕೋ, ಒಳಗೆ ಸೆಖೆ. ನಾನು ಮಂಡಿ ನೋವು ಅಂತ ಅಂಗಡಿ ಮೆಟ್ಲು ಹತ್ತೋದು ಬಿಟ್ಟಿದ್ದು ಯುಗಾದಿಯಿಂದೀಚೆಗೆ, ಅಷ್ಟರಾಗೆ ಬ್ಲೌಸ್ ಹೊಲಿಯೋ ಅಂಗಡೀನ ಆಫೀಸ್ ಮಾಡಿಟ್ಟೀಯ. ಗೋಡೆ ಮ್ಯಾಲೆ ಬೋರ್ಡ್ ಬೇರೆ, 'ನಿಮಗೆ ತಿಳಿದಿದ್ದನ್ನು ಹಂಚಿಕೊಳ್ಳಿ, ಒಟ್ಟಿಗೆ ಬೆಳೆಯೋಣ' ಅಂತ. ಹೆಂಗಸರನ್ನೆಲ್ಲ ದುಂಡಗೆ ಕುರ್ಚಿ ಹಾಕಿ ಕೂರಿಸಿ, ಒಬ್ಬೊಬ್ರೂ ತಮಗೆ ಗೊತ್ತಿರೋದನ್ನ ಹೇಳ್ರಿ ಅಂದ್ಯಂತೆ, ಹೆಣ್ಣು ನೋಡಾಕೆ ಬಂದೋರು ಒಂದು ಹಾಡು ಹೇಳಮ್ಮ ಅಂದಂಗೆ. ಕಟಿಂಗ್ ಮಾಡೋ ರೇಣುಕಾ ಏನಂದ್ಲು? 'ನಂಗೇನು ಗೊತ್ತೈತೆ ಮೇಡಂ, ಏನೋ ದೇವ್ರ ದಯದಿಂದ ಕತ್ರಿ ಓಡ್ತೈತೆ' ಅಂದ್ಲಾ. ಅಷ್ಟಕ್ಕೇ ಬಿಟ್ಟಿದ್ದು ನಿನ್ನ ಪುಣ್ಯ. ಇವರೆಲ್ಲ ಸ್ವಾರ್ಥಿಗಳು ಅಜ್ಜಿ, ಕಲಿತಿದ್ದನ್ನ ಹೊಟ್ಟೆಯಾಗೇ ಇಟ್ಕೊಂಡು ಸಾಯ್ತಾರೆ ಅಂತೀಯ. ಸ್ವಾರ್ಥಿ ಯಾರು ಅನ್ನೋದು ಆಮೇಲೆ ನೋಡಾಣ. ಮೊದಲು ನಾನು ಹೇಳೋದು ಕೇಳು. ಫೋನ್ ಆ ಕಡೆ ಇಡು.

ನಾನು ಹುಟ್ಟಿದ್ದು ಲೋಕಿಕೆರೆ, ಕೊಟ್ಟಿದ್ದು ಹರಿಹರಕ್ಕೆ, ಅದು ನಿಂಗೆ ಗೊತ್ತೈತೆ. ನಿಮ್ಮಜ್ಜ ಆಗ ರೈಲ್ವೆ ಗೂಡ್ಸ್ ಶೆಡ್ಡಿನಾಗ ಹಮಾಲಿ. ಗೂಡ್ಸ್ ಬಂದ್ರೆ ಕೂಲಿ, ಬರದಿದ್ರೆ ಬೀಡಿ. ಹೊಳೆ ದಂಡೆ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ವಿ, ಮಳೆಗಾಲದಾಗ ಹೊಳೆ ಏರಿದ್ರೆ ಹಾವೂ ನಾವೂ ಒಂದೇ ಮನ್ಯಾಗ. ಹಾವಿನ ಕತೆ ಬ್ಯಾಡ ಬಿಡು, ಅದು ಕಚ್ಚಲಿಲ್ಲ. ಕಚ್ಚಿದೋರ ಕತೆ ಹೇಳ್ತೀನಿ. ಹರಿಹರದ ಬಜಾರದಾಗ ಒಂದು ಹೊಲಿಗೆ ಅಂಗಡಿ ಇತ್ತು, ಸಾಲಿ ಮಕ್ಕಳ ಯೂನಿಫಾರಂ ಹೊಲಿಯೋದು. ನಿಮ್ಮಪ್ಪ ಇನ್ನೂ ಅಂಬೆಗಾಲಿಡ್ತಿದ್ದ, ಅವನ್ನ ಪಕ್ಕದ ಮನೆ ಅಜ್ಜಿ ಹತ್ರ ಬಿಟ್ಟು ನಾನು ಅಲ್ಲಿಗೆ ಹೋಗ್ತಿದ್ದೆ. ನಂದು ಕಾಜಾ, ಗುಂಡಿ, ಅಂಚು ಮಡಿಸೋದು. ಕಾಜಾ ಅಂದ್ರೆ ಗುಂಡಿ ತೂರಿಸೋ ತೂತಿಗೆ ಸುತ್ತ ದಾರ ಹೆಣೀತಾರಲ್ಲ, ಅದು. ಈಗ ಮಷೀನ್ ಐತೆ, ಆಗ ಕೈಯಾಗೇ. ಬೆರಳ ತುದಿ ಜೇನುಗೂಡಿನಂಗೆ ಆಗಿರ್ತಿತ್ತು, ಸಾರಿನಾಗ ಕೈ ಹಾಕಿದ್ರೆ ಉರಿ. ಅದಕ್ಕೂ ನಂಗೆ ಬೇಜಾರಿರ್ಲಿಲ್ಲ. ಬೇಜಾರು ಏನಪ ಅಂದ್ರೆ, ಸಾಲಿ ಶುರುವಾಗೋ ಮುಂದೆ ಎರಡು ಮೂರು ತಿಂಗಳು ಕೈ ತುಂಬ ಕೆಲಸ, ಸಾಲಿ ಶುರುವಾದ ಮ್ಯಾಲೆ ಸಾವುಕಾರ್ರು ಬಾಗಿಲಾಗ ನಿಂತು, ಮುಂದಿನ ವರ್ಷ ಬರ್ರವ್ವ ಅನ್ನೋರು. ಮುಂದಿನ ವರ್ಷದ ತನಕ ಹೊಟ್ಟೆಗೆ ಏನು ಹೇಳ್ಬೇಕು ಅನ್ನೋದನ್ನ ಹೇಳ್ತಿರಲಿಲ್ಲ. ಹೊಲಿಯೋರನ್ನೂ ಕಳಿಸ್ತಿದ್ರು, ಕಾಜಾದೋರನ್ನೂ ಕಳಿಸ್ತಿದ್ರು. ವರ್ಷ ಪೂರ್ತಿ ಇಟ್ಕೊಳ್ತಿದ್ದಿದ್ದು ಒಬ್ಬನ್ನೇ, ಕಟಿಂಗ್ ಮಾಸ್ತರನ್ನ. ಯಾಕಂದ್ರೆ ಬಟ್ಟೆಗೆ ಕತ್ರಿ ಹಾಕೋದು ಅವನಿಗೊಬ್ಬನಿಗೇ ಬರ್ತಿತ್ತು. ನಂಗೆ ಅಷ್ಟು ಗೊತ್ತಾಯ್ತು ನೋಡು, ಕತ್ರಿ ಹಿಡಿದೋರಿಗೆ ಹನ್ನೆರಡು ತಿಂಗಳೂ ಊಟ, ಸೂಜಿ ಹಿಡಿದೋರಿಗೆ ಮೂರು ತಿಂಗಳು. ನಾನು ಕತ್ರಿ ಹಿಡೀಬೇಕು ಅಂತ ಹಟ ಹಿಡಿದೆ.

ಕರಿಬಸಪ್ಪ ಮಾಸ್ತರು ಅಂತ ಹೆಸರು. ಸಣ್ಣ ದೇಹ, ಬಿಳೀ ಅಂಗಿ, ಹಣೆ ತುಂಬ ವಿಭೂತಿ, ಮಾತು ಬೆಣ್ಣೆ. ಅಂಗಡಿ ಮೂಲ್ಯಾಗ ಅವನ ಟೇಬಲ್, ಅದಕ್ಕೊಂದು ಪರದೆ. ನಾವು ಯಾರಾದ್ರೂ ಆ ಕಡೆ ಹೋದ್ವಿ ಅನ್ನು, 'ಬಾರವ್ವ ಬಾ' ಅಂತಾನೇ ಪರದೆ ಎಳ್ಕೊಳ್ಳೋನು. ಮಾಸ್ತರ್ರೇ ನಂಗೂ ಒಂಚೂರು ಕಲಿಸ್ರಿ ಅಂತ ಕೇಳಿದೆ. ಕಲಿಸ್ತೀನಲ್ಲವ್ವ ಗೌರಿ, ಯಾಕ ಕಲಿಸಬಾರದು, ಮೊದಲು ಕಾಜಾ ನೆಟ್ಟಗೆ ಹಾಕು ಅಂದ. ಕಾಜಾ ನೆಟ್ಟಗಾಯ್ತು. ಹೊಲಿಗೆ ಕಲಿ ಅಂದ. ಹೊಲಿಗೆ ಕಲಿತೆ. ಕತ್ರಿ ಬಟ್ಟೆಗೆ ತಾಗಬೇಕು ಅನ್ನೋ ಹೊತ್ತಿಗೆ ಸರಿಯಾಗಿ ಅವನಿಗೆ ಚಾ ಬೇಕಾಗೋದು. ಗೌರಿ ಒಂದು ಚಾ ಹೇಳಿ ಬಾರವ್ವ. ಚಾ ಹೇಳಿ ಬರೋ ಹೊತ್ತಿಗೆ ಬಟ್ಟೆ ತುಂಡಾಗಿ ಟೇಬಲ್ ಮ್ಯಾಲೆ ಬಿದ್ದಿರೋದು. ಮಜಾ ಏನು ಗೊತ್ತಾ, ನಮ್ಮ ಸಾವುಕಾರ್ರೂ ನಿನ್ನಂಗೆ ಭಾಷಣ ಮಾಡ್ತಿದ್ರು. ಆಯುಧ ಪೂಜೆಗೆ, ಕೆಲಸ ಇಲ್ಲದಿದ್ರೂ, ಎಲ್ಲರನ್ನೂ ಕರೆಸೋರು. ಕೈಗೆ ಒಂದಿಷ್ಟು ಮಂಡಕ್ಕಿ, ಒಂದು ಬಾಳೆಹಣ್ಣು. ಆಮೇಲೆ, ಮಾಸ್ತರ್ರೇ, ವಿದ್ಯೆ ಹಂಚಿದ್ರೆ ಹೆಚ್ಚಾಗ್ತೈತೆ, ಈ ಹೆಣ್ಣುಮಕ್ಕಳಿಗೂ ಕಲಿಸ್ರಿ ಅನ್ನೋರು. ಆಗ್ಲಿ ಸಾವುಕಾರ್ರೇ ಅಂತ ಅವನು ಕೈ ಮುಗಿಯೋನು. ಹೆಚ್ಚಾಗ್ತೈತಂತೆ. ಹೆಚ್ಚಾಗ್ತೈತೆ, ನಾನೂ ಒಪ್ತೀನಿ. ಯಾರ ಮನ್ಯಾಗ ಹೆಚ್ಚಾಗ್ತೈತೆ ಅಂತ ಮಾತ್ರ ಯಾವ ಸಾವುಕಾರನೂ ಹೇಳಲ್ಲ.

ನಾನು ಸಾಲಿ ಮೆಟ್ಲು ಹತ್ತಿದೋಳಲ್ಲ. ಅಕ್ಷರ ಕಲಿತಿದ್ದೂ ಆ ಅಂಗಡ್ಯಾಗೇ. ಅಳತೆಗೆ ಅಂತ ಹಳೇ ಪೇಪರ್ ಕತ್ತರಿಸ್ತಾರಲ್ಲ, ತೋಳಿನದು, ಕಾಲರಿನದು, ಅದರ ಚೂರು ಕೆಳಗೆ ಬಿದ್ದಿರ್ತಿತ್ತು. ಕಸ ಗುಡಿಸೋದು ನನ್ನ ಪಾಲಿಗೆ ಬಂದಿತ್ತು, ಗುಡಿಸೋಕೆ ಮುಂಚೆ ಓದ್ತಿದ್ದೆ. ಒಬ್ಬೊಬ್ಬರನ್ನ ಕೇಳಿ ಕೇಳಿ ಒಂದೊಂದೇ ಅಕ್ಷರ. ಸುದ್ದಿ ಅರ್ಧಕ್ಕೇ ಕತ್ತರಿಸಿರೋದು, ಮಂತ್ರಿ ಬಂದ ಅನ್ನೋವರೆಗೆ ಇರೋದು, ಬಂದು ಏನು ಕಿಸಿದ ಅನ್ನೋದು ಯಾವುದೋ ಹುಡುಗನ ತೋಳಿನಾಗ ಹೋಗಿರೋದು. ಉಳಿದಿದ್ದನ್ನ ನಾನೇ ಕಟ್ಕೊಳ್ತಿದ್ದೆ. ಟೇಪಿನ ಅಂಕಿನೂ ಹಂಗೇ ಕಲಿತೆ. ಅಕ್ಷರ ಬಂದ ಮ್ಯಾಲೆ ಧೈರ್ಯ ಬಂತು, ಪರದೆ ಸಂದಿಯಾಗ ನೋಡೋಕೆ ಶುರು ಮಾಡಿದೆ. ಕಾಜಾ ಹಾಕ್ತಾ ಹಾಕ್ತಾ ಒಂದು ಕಣ್ಣು ಸೂಜಿ ಮ್ಯಾಲೆ, ಒಂದು ಕಣ್ಣು ಅವನ ಕೈ ಮ್ಯಾಲೆ. ಬಟ್ಟೆ ಒಂದರ ಮ್ಯಾಲೆ ಒಂದು ಹಾಸಿ, ಚಾಕ್‌ಪೀಸಿನಾಗ ಗೆರೆ ಎಳೆಯೋನು. ಭುಜಕ್ಕೆ ಎಷ್ಟು, ಕತ್ತಿಗೆ ಎಷ್ಟು, ಕಂಕುಳ ಸುತ್ತು ಎಲ್ಲಿ ಬಾಗ್ತೈತೆ, ಎಲ್ಲಾ ಗೆರೆ. ಬೆಳ್ಳಗೆ, ದಪ್ಪಗೆ, ನನ್ನ ಕಡೆಗೇ ಕಾಣೋಹಂಗೆ. ಅಷ್ಟು ಚೆಂದ ಕಾಣ್ತೈತಲ್ಲ, ಯಾಕ ಕಾಣ್ತೈತೆ ಅಂತ ನಂಗೆ ಹೊಳೀಲಿಲ್ಲ. ಹಸಿದೋರಿಗೆ ಅನ್ನ ಕಂಡ್ರೆ ಯಾರು ಬಡಿಸಿದ್ರು ಅಂತ ಕೇಳ್ತಾರೇನು? ಮನೆಗೆ ಹೋಗಿ ನೆಲದ ಮ್ಯಾಲೆ ಇದ್ದಲಿನಾಗ ಅದೇ ಗೆರೆ ಎಳೆದು ಎಳೆದು ಕೈಗೆ ಕೂರಿಸ್ಕೊಂಡೆ. ನಿಮ್ಮಜ್ಜ ಉಂಡು ಏಳೋ ಹೊತ್ತಿಗೆ ಅವನ ಪಂಚೆ ತುಂಬ ಇದ್ದಲು.

ಮುಂದಿನ ವರ್ಷ, ಸಾಲಿ ಶುರುವಾಗೋಕೆ ಸ್ವಲ್ಪ ಮುಂಚೆ, ಮಾಸ್ತರು ಬರಲಿಲ್ಲ. ಅವನ ಹೆಂಡತಿ ತವರಿನಾಗ ಯಾರೋ ತೀರಿಕೊಂಡಿದ್ರು. ಹೆಂಡತಿ ತವರು ಹೊನ್ನಾಳಿ ಕಡೆ... ಅಲ್ಲ, ಹರಪನಹಳ್ಳಿ ಕಡೆ, ಎಲ್ಲೋ ಒಂದು ಕಡೆ ಬಿಡು. ಇಲ್ಲಿ ಒಂದು ಸಾಲಿದು ಅಷ್ಟೂ ಶರ್ಟು ಬಾಕಿ ಐತೆ. ಸಾವುಕಾರ್ರು ಅಂಗಡಿ ನಡುವೆ ನಿಂತು, ಯಾರಿಗಾದ್ರೂ ಕಟಿಂಗ್ ಬರ್ತೈತೇನ್ರಿ ಅಂದ್ರು. ನಾನು ಸೂಜಿ ಕೆಳಗಿಟ್ಟು ಎದ್ದೆ. ನಂಗೆ ಬರ್ತೈತೆ ಅಂದೆ. ಪಕ್ಕದೋಳು ಸೆರಗು ಹಿಡಿದು ಜಗ್ಗಿದ್ಲು. ಕಿತ್ಕೊಂಡು ಹೋದೆ. ಪರದೆ ಸರಿಸಿ ಆ ಟೇಬಲ್ ಮುಂದೆ ನಿಂತಾಗ, ಸುಮಾ, ನಂಗೆ ಮದುವೆ ಮಣೆ ಮ್ಯಾಲೂ ಅಷ್ಟು ಖುಷಿ ಆಗಿರ್ಲಿಲ್ಲ. ಹನ್ನೆರಡು ತಿಂಗಳ ಊಟ ಅಲ್ಲೇ ಹಾಸಿತ್ತು. ಗೆರೆ ಎಳೆದೆ, ಅವನು ಎಳೆದಂಗೇ, ಒಂದು ಕೂದಲೆಳೆ ಆಚೀಚೆ ಇಲ್ಲ. ಗೆರೆ ಮ್ಯಾಲೇ ಕತ್ರಿ ಓಡಿಸಿದೆ. ಹಾಸಿದ್ದೆಲ್ಲಾ ಕತ್ತರಿಸಿ ಕೊಟ್ಟೆ. ಸಾವುಕಾರ್ರು ಭೇಷ್ ಅಂದ್ರು.

ಹೊಲಿಯೋರು ಮಾತ್ರ ಗೊಣಗೋಕೆ ಶುರು ಮಾಡಿದ್ರು. ತೋಳು ಕೂಡ್ತಿಲ್ಲ, ತೂತು ದೊಡ್ಡದು ತೋಳು ಸಣ್ಣದು ಅಂತ. ಎಳೆದು ಕೂಡಿಸ್ರಿ ಅಂದೆ. ಎಳೆದು ಕೂಡಿಸಿದ್ರು. ಸಾಲಿಯಿಂದ ಡ್ರಿಲ್ ಮಾಸ್ತರು ಒಂದು ಹುಡುಗಿ ಕರ್ಕೊಂಡು ಬಂದು, ಶರ್ಟು ಹಾಕಿಸಿ, ಕೈ ಮ್ಯಾಲೆತ್ತು ಅಂದ. ಆ ಮಗು ಎರಡೂ ಕೈ ಎತ್ತಿತು. ಇಡೀ ಶರ್ಟೇ ಎದ್ದು ಬಂದು ಹೊಟ್ಟೆ ಕಾಣ್ತು. ಇಳಿಸು ಅಂದ, ಎತ್ತು ಅಂದ, ಮತ್ತೆ ಹೊಟ್ಟೆ. ಕಂಕುಳ ಹತ್ರ ಹೆಬ್ಬೆರಳಗಲ ಜಾಸ್ತಿ ಹೋಗಿತ್ತು. ಕಮ್ಮಿ ಕತ್ತರಿಸಿದ್ರೆ ಮತ್ತೆ ಕತ್ತರಿಸಬಹುದು, ಜಾಸ್ತಿ ಕತ್ತರಿಸಿದ್ದನ್ನ ಯಾವ ದೇವರು ಬಂದು ಅಂಟಿಸ್ತಾನೆ? ಅಷ್ಟೂ ಬಟ್ಟೆ ಹಾಳು. ಸಾವುಕಾರ್ರು ನಂಗೆ ಏನೇನು ಅಂದ್ರು ಅಂತ ಈ ಕಟ್ಟೆ ಮ್ಯಾಲೆ ಹೇಳಾಕಾಗಲ್ಲ, ಪಕ್ಕದ ಮನೆ ಟೀಚರ್ರು ಕಿಟಕಿ ತೆಗೆದಿಟ್ಟಾರೆ. ಆ ಸೀಸನ್ನಿನ ಕೂಲಿನೂ ಹೋಯ್ತು, ಕೆಲಸನೂ ಹೋಯ್ತು. ಮುಂದಿನ ವರ್ಷನೂ ಬರಬ್ಯಾಡ ಅಂದ್ರು.

ಮಾಸ್ತರು ಊರಿಂದ ಬಂದ ದಿವಸ ನಾನು ಅಂಗಡಿ ಎದುರಿನ ಚಾದಂಗಡಿ ಹತ್ರ ಕಾದು ನಿಂತೆ. ಬಂದ. ನನ್ನ ನೋಡಿ ಗಾಬರಿನೂ ಆಗಲಿಲ್ಲ, ನಗಲೂ ಇಲ್ಲ.

'ಚಾಕ್‌ಪೀಸಿನ ಗೆರೆ ಮ್ಯಾಲೆ ಕತ್ತರಿಸಿದ್ಯಂತೆ.'

'ನೀವು ಎಳೆಯೋದು ಅದನ್ನೇ ಅಲ್ಲೇನ್ರಿ.'

'ಆ ಗೆರೆ ನಾನು ಬಟ್ಟೆಗೆ ಎಳೆದಿದ್ದಲ್ಲವ್ವ. ನಿಮ್ಮ ಕಣ್ಣಿಗೆ ಎಳೆದಿದ್ದು.'

ಅಂದು ಬಲಗೈ ಹೆಬ್ಬೆರಳು ಮುಂದೆ ಹಿಡಿದ. ಉಗುರು ಉದ್ದ ಬಿಟ್ಟಿದ್ದ, ಕತ್ತಿ ಇದ್ದಂಗೆ. ಚಾಕ್‌ಪೀಸಿನ ಗೆರೆ ಎಳೆದ ಮ್ಯಾಲೆ ಬಟ್ಟೆ ನೀವಿದಂಗೆ ಮಾಡಿ ಕಂಕುಳ ಹತ್ರ ಆ ಉಗುರಿನಾಗ ಇನ್ನೊಂದು ಗೆರೆ ಒತ್ತೋನಂತೆ, ಅಂಚಿನ ಕಡೆಗೆ, ಹೆಬ್ಬೆರಳಗಲ ಬಿಟ್ಟು. ಕತ್ರಿ ಹೋಗೋದು ಉಗುರಿನ ಗೆರೆ ಮ್ಯಾಲೆ. ಆಮೇಲೆ ಚಾಕ್‌ಪೀಸಿನ ಗೆರೆ ಕೈಯಾಗ ಒರೆಸಿ ಹಾಕೋದು. ಅದನ್ನ ನಾನೂ ನೋಡಿದ್ದೆ, ಧೂಳು ಜಾಡಿಸ್ತಾನೆ ಅಂದ್ಕೊಂಡಿದ್ದೆ. ನಾನು ಬಾಯಿಗೆ ಬಂದಂಗೆ ಬೈದೆ. ನಿನ್ನ ಕೈ ಸೇದಿಹೋಗ್ಲಿ ಅಂದೆ. ಅವನು ಚಾ ಕುಡೀತಾ, ಬಟ್ಟೆ ಅಳತೆ ಹೇಳೋನಂಗೆ ಹೇಳ್ದ, ಹಿಂದೆ ಬ್ಯಾರೆ ಅಂಗಡ್ಯಾಗ ಇದ್ದಾಗ ಅಕ್ಕನ ಮಗನಿಗೆ ಎಲ್ಲಾ ಕಲಿಸಿದ್ನಂತೆ, ಉಗುರು ಗಿಗುರು ಏನೂ ಇಲ್ಲ, ಬಿಚ್ಚು ಮನಸಿನಿಂದ. ಅಲ್ಲಿನ ಸಾವುಕಾರ ಹುಡುಗನ್ನ ಕಮ್ಮಿ ಸಂಬಳಕ್ಕೆ ಇಟ್ಕೊಂಡು ಇವನಿಗೆ ಬಾಗಿಲು ತೋರಿಸಿದ್ನಂತೆ. ಅಕ್ಕನ ಮಗ ಎದ್ದು ನಿಂತು ಚಪ್ಪಲಿ ಬಾಗಿಲಿಗೆ ತಂದಿಟ್ಟನಂತೆ, ಮಾವಾ ಹೋಗಿ ಬಾ ಅಂತ. 'ಅವತ್ತಿಂದ ಉಗುರು ಬಿಟ್ಟೆ' ಅಂದ. ಗ್ಲಾಸ್ ಇಟ್ಟು ಹೋದ. ನೀನು ಈಗ ಅಯ್ಯೋ ಪಾಪ ಅಂತೀಯ, ನಿನ್ನ ಮುಖ ನೋಡಿದ್ರೇ ಗೊತ್ತಾಗ್ತೈತೆ. ನಾನು ಅನ್ನಲಿಲ್ಲ, ಇವತ್ತಿಗೂ ಅನ್ನಲ್ಲ. ಅವನಿಗೆ ಕಚ್ಚಿದ್ದು ಸಾವುಕಾರ, ಅವನು ಕಚ್ಚಿದ್ದು ನನ್ನ. ಹೇಳಿಕೊಡಲ್ಲ ಅಂತ ನೆಟ್ಟಗೆ ಹೇಳಬಹುದಿತ್ತು, ಸುಳ್ಳು ಗೆರೆ ಎಳೆದು ನನ್ನ ಅದರ ಮ್ಯಾಲೆ ನಡೆಸಿದ. ಅವನು ತೀರಿಕೊಂಡಾಗ ಹರಿಹರದಿಂದ ಫೋನ್ ಬಂದಿತ್ತು, ನಾನು ಮಣ್ಣಿಗೆ ಹೋಗಲಿಲ್ಲ.

ಆ ಮ್ಯಾಲೆ ದಾವಣಗೆರೆಗೆ ಬಂದ್ವಿ. ಯಾರನ್ನೂ ಕೇಳಬಾರದು ಅಂತ ತೀರ್ಮಾನ ಮಾಡಿದ್ದೆ. ಹಳೇ ಬಟ್ಟೆ ಮಾರೋರ ಹತ್ರ ಹರಕು ಬ್ಲೌಸು, ಶರ್ಟು ತರೋದು, ಬ್ಲೇಡಿನಾಗ ಒಂದೊಂದೇ ಹೊಲಿಗೆ ಬಿಚ್ಚೋದು, ತುಂಡು ತುಂಡನ್ನ ನೆಲಕ್ಕೆ ಹಾಸಿ ನೋಡೋದು. ಬಟ್ಟೆ ಸುಳ್ಳು ಹೇಳಲ್ಲ ನೋಡು. ನಿಮ್ಮಜ್ಜಂದು ಒಂದೇ ಒಂದು ಒಳ್ಳೇ ಶರ್ಟಿತ್ತು, ದೊಡ್ಡ ಟೇಲರ್ ಹತ್ರ ಹೊಲಿಸಿದ್ದು, ಅದರ ಭುಜ ಹೆಂಗೆ ಕೂತೈತೆ ಅಂತ ನೋಡೋ ಆಸೆಗೆ ಅದನ್ನೂ ಬಿಚ್ಚಿಬಿಟ್ಟೆ. ಅವತ್ತೇ ಬಾತಿ ಊರಾಗ ಅವನ ದೊಡ್ಡಪ್ಪನ ಮಗಳ ಮದುವೆ ಅನ್ನೋದು ಮರ್ತೇ ಹೋಗಿತ್ತು. ಸ್ನಾನ ಮಾಡಿ ಬಂದು ಶರ್ಟೆಲ್ಲಿ ಅಂದ. ತೋಳು ಇಲ್ಲೈತೆ, ಬೆನ್ನು ಅಲ್ಲೈತೆ, ಕಾಲರ್ ಕಿಟಕಿ ಮ್ಯಾಲೈತೆ ಅಂದೆ. 'ನನ್ನೂ ಬಿಚ್ಚಿ ನೋಡೇ ಒಂದ್ಸಲ, ಒಳಗೆ ಏನು ಉಳಿದೈತೆ ಅಂತ' ಅಂದು ಬನಿಯನ್ ಮ್ಯಾಲೆ ಟವೆಲ್ ಹೊದ್ಕೊಂಡು ಮದುವೆಗೆ ಹೋದ. ಬೇರೆ ಗಂಡಸಾಗಿದ್ರೆ ನನ್ನ ಹೊಲಿಗೆ ಮಷೀನ್ ಎತ್ತಿ ಬೀದಿಗೆ ಒಗೀತಿದ್ದ. ಹಂಗೆ ಕಲಿತಿದ್ದು ನಾನು. ಒಬ್ಬ ಮಾಸ್ತರು ಒಂದು ಹಬ್ಬದಿಂದ ಇನ್ನೊಂದು ಹಬ್ಬದೊಳಗೆ ಕಲಿಸಬಹುದಾಗಿದ್ದನ್ನ ವರ್ಷಗಟ್ಟಲೆ ಕಲಿತೆ. ಕಷ್ಟಪಟ್ಟು ಕಲಿತ್ರೆ ಒಳ್ಳೇದು ಅಂತ ಯಾರಾದ್ರೂ ನಂಗೆ ಹೇಳಿದ್ರೆ ಚಪ್ಪಲಿ ಹುಡುಕ್ತೀನಿ. ಆ ವರ್ಷಗಳು ನನ್ನವು, ನಿಮ್ಮಪ್ಪನ ಹಾಲಿಗೆ ನೀರು ಬೆರೆಸಿದ ವರ್ಷಗಳು. ಯಾರೂ ತಿರುಗಿ ಕೊಡಲಿಲ್ಲ.

ಈ ಸರಸ್ವತಿ ನಗರದಾಗ ಅಂಗಡಿ ಇಟ್ಟು, ಕೆಲಸಕ್ಕೆ ಹೆಣ್ಣುಮಕ್ಕಳು ಬಂದ ಮ್ಯಾಲೆ ನೋಡ್ತೀನಿ, ನನ್ನ ಅಂಗಡ್ಯಾಗೂ ಅದೇ ರೋಗ. ರೇಣುಕಂಗೆ ಕಟಿಂಗ್ ಕಲಿಸಿದೋಳು ನಾನೇ, ಇನ್ನೊಬ್ಬಳು ಬಂದು ಪಕ್ಕ ನಿಂತ್ರೆ ಅವಳ ಬೆನ್ನು ತಾನಾಗೇ ಆ ಕಡೆ ತಿರುಗ್ತಿತ್ತು. ಬೈದೆ, ಬೈದ್ರೆ ಬೆನ್ನು ಇನ್ನೂ ಅಗಲ ಆಯ್ತು. ಆಗ ಕುಂತು ಯೋಚನೆ ಮಾಡಿದೆ. ಕರಿಬಸಪ್ಪ ರಜಾ ಹಾಕಿ ಹೋದ, ಕೆಲಸ ಕೆಟ್ಟಿತು, ಬೈಸ್ಕೊಂಡಿದ್ದು ಯಾರು? ನಾನು. ಅವನು ಬಂದು ಚಾ ಕುಡಿದ. ಆ ಬೈಗುಳ ಅವನಿಗೇ ಬರೋಹಂಗಿದ್ರೆ, ಊರಿಗೆ ಹೋಗೋಕೆ ಮುಂಚೆ ನನ್ನ ಮನೆ ಹುಡುಕ್ಕೊಂಡು ಬಂದು, ಗೌರಿ, ಉಗುರಿನ ಗೆರೆ ಹಿಂಗವ್ವ ಅಂತ ಕೈ ಹಿಡಿದು ತಿದ್ದಿಸ್ತಿದ್ದ. ಅದಕ್ಕೇ ನನ್ನ ಅಂಗಡ್ಯಾಗ ಹೊಸ ಪದ್ಧತಿ ಹಾಕಿದೆ. ಪ್ರತಿಯೊಬ್ಬಳೂ ತಿಂಗಳಿಗೊಂದು ದಿವಸ ಮನ್ಯಾಗಿರಬೇಕು, ಬ್ಯಾಡ ಅಂದ್ರೂ ಇರಬೇಕು, ಸಂಬಳ ಕಟ್ ಇಲ್ಲ. ಅವತ್ತು ಅವಳ ಕೆಲಸ ಇನ್ನೊಬ್ಬಳು ಮಾಡ್ತಾಳೆ. ಕೆಟ್ರೆ ಮಾಡಿದೋಳನ್ನ ನಾನು ಏನೂ ಕೇಳಲ್ಲ, ಮನ್ಯಾಗಿದ್ದೋಳನ್ನ ಕೇಳ್ತೀನಿ, ಯಾಕ ಹೇಳಿಕೊಟ್ಟಿರಲಿಲ್ಲ ಅಂತ. ಮೊದಲನೇ ತಿಂಗಳು ಗೊಣಗಿದ್ರು. ಎರಡನೇ ತಿಂಗಳು ರೇಣುಕಾ ರಜಾದ ಹಿಂದಿನ ದಿವಸ ಸೆರಗು ಸಿಗಿಸ್ಕೊಂಡು, ಬರ್ರೇ ಇಲ್ಲಿ, ನಾಳೆ ನನ್ನ ಮಾನ ಕಳೀಬ್ಯಾಡ್ರಿ ಅಂತ ಎಲ್ಲರನ್ನೂ ಟೇಬಲ್ ಸುತ್ತ ನಿಲ್ಲಿಸಿದ್ಲು. ಇನ್ನೊಂದು ಮಾತೂ ಹೇಳಿದ್ದೆ. ಇಬ್ಬರಿಗೆ ಕಟಿಂಗ್ ಬಂದ್ರೆ ಎರಡನೇ ಟೇಬಲ್ ಹಾಕಿಸ್ತೀನಿ, ಮೊದಲನೇದರ ಮುಂದಿಂದ ಯಾರನ್ನೂ ಎಬ್ಬಿಸಲ್ಲ ಅಂತ. ಒಬ್ಬಳು ಕಲಿತ್ಲು, ಹಾಕಿಸಿದೆ. ಅವಳು ಮದುವೆಯಾಗಿ ಹೋದ್ಲು, ಟೇಬಲ್ ಅಲ್ಲೇ ಇತ್ತು, ಮುಂದಿನೋಳಿಗೆ ಅಂತ. ಯಾವ ಬೋರ್ಡೂ ಇರಲಿಲ್ಲ, ಕೇಕೂ ಇರಲಿಲ್ಲ.

ಈಗ ನೀನು ಹೇಳು. ಆ ರಜಾ ಎಲ್ಲಿ ಹೋಯ್ತು? ಸುಮ್ಮನೆ ಖರ್ಚು ಅಂತ ನೀನೇ ನಿಲ್ಲಿಸಿದೆ. ಆ ಎರಡನೇ ಟೇಬಲ್ ಎಲ್ಲಿ? ಜಾಗ ತಿಂತೈತೆ ಅಂತ ಮಾರಿ, ಅಲ್ಲಿ ನಿನ್ನ ಕಂಪ್ಯೂಟರ್ ಇಟ್ಟೆ. ಆಮೇಲೆ ಕೋರ್ಸ್ ಮಾಡಿದ ಹುಡುಗಿ ಒಬ್ಬಳನ್ನ ಕರ್ಕೊಂಡು ಬಂದು, ರೇಣುಕಾ ಇವಳಿಗೆ ಎಲ್ಲಾ ಕಲಿಸು ಅಂದೆ. ರೇಣುಕಾ ದಡ್ಡಿ ಏನು? ಟೇಬಲ್ ಒಂದು, ಕತ್ರಿ ಹಿಡಿಯೋರು ಇಬ್ರು, ಹೊಸಬಳ ಸಂಬಳ ಕಮ್ಮಿ. ರೇಣುಕನ ಮಗ ಪಿಯುಸಿ ಓದ್ತಾನೆ, ಗಂಡನ ಆಟೋ ಅರ್ಧ ದಿವಸ ನಿಂತಿರ್ತೈತೆ. ಒಂದು ಮಾತು ಕೇಳ್ತೀನಿ, ನನ್ನ ಮುಖ ನೋಡಿ ಹೇಳು. ಹುಡುಗಿ ಕಲಿತ ಮ್ಯಾಲೆ ರೇಣುಕಂಗೆ ಏನಂತ ಹೇಳೋಳಿದ್ದೆ?

ಹೇಳು.

ಮತ್ತೆ ಫೋನ್ ಎತ್ಕೊಂಡ್ಯಾ. ಗೊತ್ತಿತ್ತು ನಂಗೆ. ಇದಕ್ಕೇ ಹಂಚಿಕೊಳ್ಳೋದು ಅಂತ ಹೆಸರಿಟ್ಟೀಯ. ಅಂಗಡಿ ಪತ್ರ ಇನ್ನೂ ನನ್ನ ಹೆಸರಿನಾಗೈತೆ, ಮರೀಬ್ಯಾಡ, ನಿಮ್ಮಪ್ಪನ ಹೆಸರಿಗೂ ಮಾಡಿಲ್ಲ. ನಾಳೆ ಅಂಗಡಿ ತೆಗೆದ ತಕ್ಷಣ ಬಡಿಗೇರನ್ನ ಕರೆಸಿ ಎರಡನೇ ಟೇಬಲಿಗೆ ಅಳತೆ ಕೊಡು, ರೇಣುಕಾ ಎದುರಿಗೇ ಕೊಡು. ಅವಳ ಟೇಬಲ್ ಅವಳದೇ ಅಂತ ಎಲ್ಲರಿಗೂ ಕೇಳೋಹಂಗೆ ಹೇಳು, ಸಂಬಳದ ರಜಾ ಈ ತಿಂಗಳಿಂದಲೇ ಅನ್ನು. ಆಗಲ್ಲ ಅಂದ್ರೆ ಬೀಗದ ಕೈ ಈ ಕಟ್ಟೆ ಮ್ಯಾಲಿಟ್ಟು ಹೋಗು, ನನ್ನ ಮಂಡಿ ಇನ್ನೂ ಅಷ್ಟು ಹಾಳಾಗಿಲ್ಲ. ಅಳಬ್ಯಾಡ, ಅತ್ತು ನನ್ನ ಮುಂದೆ ನಡೆಯಲ್ಲ. ಒಂದು ಮಾತು ತಲ್ಯಾಗಿಟ್ಕೋ. ಪಂಕ್ತಿಯಾಗ ಕುಂತೋರು ಪಕ್ಕದೋರ ಎಲೆಗೆ ತಮ್ಮ ಹೋಳಿಗೆ ಮುರಿದು ಹಾಕೋದು, ತಮ್ಮನ್ನ ಯಾರೂ ಎಬ್ಬಿಸಲ್ಲ ಅಂತ ಗೊತ್ತಿದ್ದಾಗ ಮಾತ್ರ. ಎಬ್ಬಿಸೋಕೆ ಬೆನ್ನ ಹಿಂದೆ ನಿಂತು ಹಂಚ್ರಿ ಹಂಚ್ರಿ ಅಂದ್ರೆ, ಯಾರಾದ್ರೂ ಸರಿ, ಎಲೆ ಮುಚ್ಕೊಂಡೇ ಉಣ್ತಾರೆ.